ಕಿವಿಗೆ ಎತ್ತರ, ಕಣ್ಣಿಗೆ ದಪ್ಪ: ವಿಲಿಯಂ ಕಾನ್ರಾಡ್‌ಗೆ ಆಗಿದ್ದು ಅನ್ಯಾಯವೇ?

ಮುರುಕು_ಮರ್ಫಿ
ಒಂದು ತಿಂಗಳಿಂದ ನನಗೊಂದು ಚಟ ಹತ್ತಿದೆ. ರಾತ್ರಿ ಊಟ ಆಗಿ, ಗೇಟಿಗೆ ಬೀಗ ಹಾಕಿ, ದೀಪ ಆರಿಸಿಕೊಂಡು ಅಮೆರಿಕದ ಹಳೇ ರೇಡಿಯೋ ನಾಟಕ ಕೇಳೋದು. ನಿದ್ದೆ ಬರಲಿ ಅಂತ ಶುರು ಮಾಡಿದ್ದು. ಈಗ ಇದ್ದ ನಿದ್ದೆಯೂ ಹೋಗಿದೆ.

ಸರಣಿ ಹೆಸರು 'ಗನ್‌ಸ್ಮೋಕ್'. ಸಿಬಿಎಸ್ ರೇಡಿಯೋದಲ್ಲಿ 1952ರ ಏಪ್ರಿಲ್ 26ಕ್ಕೆ ಶುರುವಾಗಿ 1961ರ ಜೂನ್ 18ರವರೆಗೆ ನಡೆದದ್ದು. 1870ರ ದಶಕದ ಕಾನ್ಸಾಸ್, ಡಾಡ್ಜ್ ಸಿಟಿ ಅನ್ನೋ ದನದ ವ್ಯಾಪಾರದ ಊರು, ಅಲ್ಲಿನ ಮಾರ್ಷಲ್ ಮ್ಯಾಟ್ ಡಿಲನ್. ಕುದುರೆ-ಪಿಸ್ತೂಲಿನ ಕಥೆ ಅಂತ ಮೂಗು ಮುರೀಬೇಡಿ. ಗುಂಡಿನ ಸದ್ದಿಗಿಂತ ಮೌನವೇ ಜಾಸ್ತಿ ಇದರಲ್ಲಿ. ಹಲಗೆ ಹಾಸಿದ ಜಗಲಿ ಮೇಲೆ ಬೂಟಿನ ಹೆಜ್ಜೆ, ಹಿಮ್ಮಡಿಯ ಮುಳ್ಳುಚಕ್ರದ ಝಣ್, ಬಾಗಿಲು ಕಿರ್ರಂತ ತೆರೆಯುತ್ತೆ. ಯಾರೂ ಮಾತಾಡಲ್ಲ. ಆಮೇಲೆ ಒಂದು ದನಿ, ಆಳದ ಬಾವಿಯಿಂದ ತುಂಬಿದ ಕೊಡ ಎಳೆದ ಹಾಗೆ ನಿಧಾನಕ್ಕೆ ಮೇಲೆ ಬರುತ್ತೆ.

ಆ ದನಿ ವಿಲಿಯಂ ಕಾನ್ರಾಡ್ ಅವರದು. ಮೊದಲ ವಾರವೆಲ್ಲ ನನ್ನ ಕಣ್ಣ ಮುಂದೆ ಇದ್ದದ್ದು ಆರಡಿ ಮೀರಿದ, ಬಿಸಿಲಿಗೆ ಒಣಗಿ ಬೆತ್ತದ ಹಾಗಾದ ಆಳು. ಆಮೇಲೆ ಫೋಟೋ ನೋಡಿದೆ. ದಪ್ಪ ಮೀಸೆ, ಅದಕ್ಕಿಂತ ದಪ್ಪ ಹೊಟ್ಟೆ. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೂ ಕೂರಬಲ್ಲ ಮನುಷ್ಯ.

1955ರಲ್ಲಿ ಅದೇ ಸಿಬಿಎಸ್ ಅದೇ ಕಥೆಯನ್ನು ಟಿವಿಗೆ ತಂದಾಗ ಡಿಲನ್ ಪಾತ್ರ ಇವರಿಗೆ ಸಿಗಲಿಲ್ಲ. ಆರಡಿ ಏಳಿಂಚಿನ ಜೇಮ್ಸ್ ಆರ್ನೆಸ್‌ಗೆ ಹೋಯ್ತು. 20 ವರ್ಷ, 635 ಕಂತು. ಮೂರು ವರ್ಷ ಪಾತ್ರಕ್ಕೆ ಜೀವ ತುಂಬಿದವನನ್ನು ಹೊಟ್ಟೆ ನೋಡಿ ಬಿಟ್ಟರು. ಇದು ಅನ್ಯಾಯ ಅಲ್ವಾ? ಇಲ್ಲಿ ಹಳೇ ರೇಡಿಯೋ ಹುಚ್ಚಿನವರು ಇದ್ದೀರಿ, ಹೇಳಿ.

ಪರದೆಪಕ್ಷ
ಅನ್ಯಾಯ ಏನೂ ಅಲ್ಲ. ಭಾಗವತರ ಕಂಠ ಚೆನ್ನಾಗಿದೆ ಅಂತ ಅವರಿಗೇ ಕೃಷ್ಣನ ವೇಷ ಕಟ್ಟಿಸ್ತೀವಾ? ಟಿವಿಗೆ ಬೇಕಾದ್ದು ಬೇರೆ. ಆರ್ನೆಸ್ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದರೆ ಸಾಕು, ಗಲಾಟೆ ಮಾಡುತ್ತಿದ್ದವರು ಸುಮ್ಮನಾದರು ಅಂತ ನೋಡುವವನಿಗೆ ತಾನಾಗಿ ಗೊತ್ತಾಗುತ್ತೆ. ಅದನ್ನು ರೇಡಿಯೋದಲ್ಲಿ ನಾಲ್ಕು ಸಾಲು ಸಂಭಾಷಣೆ ಬರೆದು ಹೇಳಬೇಕು. 20 ವರ್ಷ ಜನ ನೋಡಿದ್ದಾರೆ ಅಂದರೆ ಆಯ್ಕೆ ತಪ್ಪಾಗಿತ್ತು ಅನ್ನೋದು ಹೇಗೆ?

ತಾಳಮದ್ದಳೆ
ಭಾಗವತರ ಉದಾಹರಣೆ ಇಲ್ಲಿ ಕೂರಲ್ಲ ಮಾರಾಯ್ರೆ. ಕಾನ್ರಾಡ್ ಹಾಡುವವರ ಜಾಗದಲ್ಲಿ ಇರಲಿಲ್ಲ, ಪಾತ್ರವನ್ನೇ ಆಡುತ್ತಿದ್ದವರು. ರೇಡಿಯೋ ನಾಟಕ ತಾಳಮದ್ದಳೆಗೆ ಹತ್ತಿರ. ವೇಷ ಇಲ್ಲ, ಕುಣಿತ ಇಲ್ಲ. ಎಪ್ಪತ್ತು ದಾಟಿದ ಅರ್ಥಧಾರಿ ಬಿಳಿ ಪಂಚೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಅಭಿಮನ್ಯು ಆಗ್ತಾರೆ, ನಾವು ಹದಿನಾರರ ಹುಡುಗನನ್ನೇ ಕಾಣ್ತೇವೆ. ಆಟಕ್ಕೆ ವೇಷ ಕಟ್ಟುವಾಗ ಅವರನ್ನೇ ಅಭಿಮನ್ಯು ಮಾಡಿ ಅಂತ ಯಾರೂ ಕೇಳುವುದಿಲ್ಲ, ಅದು ನಿಮ್ಮ ಪಾಯಿಂಟು. ಒಪ್ಪಿದೆ. ಆದರೆ ತಾಳಮದ್ದಳೆಯ ಅಭಿಮನ್ಯು ಕಡಿಮೆ ಅಭಿಮನ್ಯು ಅಂತ ಹೇಳಬೇಡಿ.

ಸ್ಯಾನ್‌ಹೋಸೆ_ಸಾಂಬಾರ್
ನಾನು ಇಲ್ಲಿ ಕಾರಲ್ಲಿ ಹೋಗ್ತಾ ಬರ್ತಾ ಇದನ್ನೇ ಕೇಳೋದು, ದಿನಕ್ಕೆ ಒಂದೂವರೆ ಗಂಟೆ ಟ್ರಾಫಿಕ್ಕು. ಸ್ವಲ್ಪ ಹಿನ್ನೆಲೆ ಸೇರಿಸ್ತೀನಿ.

ಹುಟ್ಟಿದ್ದು 1920ರ ಸೆಪ್ಟೆಂಬರ್ 27, ಕೆಂಟಕಿಯ ಲೂಯಿವಿಲ್. ಜನ್ಮನಾಮ ಜಾನ್ ವಿಲಿಯಂ ಕ್ಯಾನ್. ಮನೆಯವರದ್ದು ಅಲ್ಲಿ ಒಂದು ಸಿನಿಮಾ ಥಿಯೇಟರ್ ಇತ್ತು. ಆಮೇಲೆ ಸಂಸಾರ ಕ್ಯಾಲಿಫೋರ್ನಿಯಾಗೆ ಬಂತು. ಲಾಸ್ ಏಂಜಲೀಸಿನ ಕೆಎಂಪಿಸಿ ರೇಡಿಯೋದಲ್ಲಿ ಉದ್ಘೋಷಕನಾಗಿ ಸೇರಿಕೊಂಡು, ಬರೆಯೋದು, ನಿರ್ದೇಶನ ಮಾಡೋದು ಎಲ್ಲ ಅಲ್ಲೇ ಕಲಿತದ್ದು. ಎರಡನೇ ಮಹಾಯುದ್ಧದಲ್ಲಿ ಯುದ್ಧವಿಮಾನದ ಪೈಲಟ್, ಕೊನೆಗೆ ಸೇನೆಯ ರೇಡಿಯೋ ವಿಭಾಗದಲ್ಲಿ ನಿರ್ಮಾಪಕ-ನಿರ್ದೇಶಕ. ಕ್ಯಾಪ್ಟನ್ ಆಗಿ ಹೊರಬಂದರು.

1946ರ 'ದ ಕಿಲ್ಲರ್ಸ್' ಸಿನಿಮಾ ನೋಡಿ. ಮೊದಲ ದೃಶ್ಯದಲ್ಲಿ ಇಬ್ಬರು ಬಾಡಿಗೆ ಕೊಲೆಗಾರರು ಹೋಟೆಲ್ಲಿಗೆ ಬರ್ತಾರಲ್ಲ, ಅದರಲ್ಲಿ ಒಬ್ಬರು ಇವರು. ಹೆಚ್ಚು ಕೂಗಾಡಲ್ಲ. ಊಟ ಆರ್ಡರ್ ಮಾಡೋದರಲ್ಲೇ ಭಯ ಹುಟ್ಟಿಸ್ತಾರೆ.

ರೇಡಿಯೋದಲ್ಲಿ ತಾವು 7,500ಕ್ಕೂ ಹೆಚ್ಚು ಪಾತ್ರ ಮಾಡಿದ್ದೇನೆ ಅಂತ ಅವರದೇ ಒಂದು ಲೆಕ್ಕ ಇದೆ.

ಲೆಕ್ಕದಪುಸ್ತಕ
7,500? ಹದಿನೈದು ವರ್ಷ ಅಂತ ಹಿಡಿದರೂ ವರ್ಷಕ್ಕೆ 500, ವಾರಕ್ಕೆ ಹೆಚ್ಚುಕಮ್ಮಿ ಹತ್ತು. ಅವರದೇ ಲೆಕ್ಕ ಅಂದ್ರಲ್ಲ, ಅಲ್ಲೇ ಉತ್ತರ ಇದೆ. ನಮ್ಮ ಮಾವ ಕೂಡ ತಾವು ನೋಡಿದ ಹುಡುಗಿಯರು ನೂರಾ ಎಂಟು ಅಂತಾರೆ.

ಧಾರವಾಡದಾಂವ
ಲೆಕ್ಕದಪುಸ್ತಕ ಅವರೇ, ವಾರಕ್ಕ ಹತ್ತು ಅಂದ್ರ ಭಾಳ ಅಲ್ರಿ. ನಾ ಒಂದಿಷ್ಟು ವರ್ಷ ರೇಡಿಯೋ ನಾಟಕದಾಗ ಪಾರ್ಟ್ ಮಾಡೇನಿ. ರೇಡಿಯೋದಾಗ ಬಣ್ಣ ಹಚ್ಚೂದಿಲ್ಲ, ಮಾತು ಬಾಯಿಪಾಠ ಮಾಡೂದಿಲ್ಲ. ಕೈಯಾಗ ಹಾಳಿ ಹಿಡಕೊಂಡು ನಿಂತ್ರ ಆತು. ಒಂದ ನಾಟಕದಾಗ ನಾನ ಗೌಡ, ನಾನ ಪೋಸ್ಟಮನ್, ಸಂತಿ ಸೀನ್ ಬಂದ್ರ ಹಿಂದ ನಿಂತು ಬದನಿಕಾಯಿ ಮಾರಾಂವನೂ ನಾನ. ಅಲ್ಲೇ ಮೂರು ಪಾತ್ರ ಆದೂವಲ್ಲ? ಆಗಿನ ಲಾಸ್ ಏಂಜಲೀಸಿನಾಗ ಒಂದ ದಿನಕ್ಕ ಈ ಸ್ಟುಡಿಯೋದಿಂದ ಆ ಸ್ಟುಡಿಯೋಕ್ಕ ಓಡಿ ಓಡಿ ಮಾಡ್ತಿದ್ರು.

ಇನ್ನೊಂದು ಮಾತು. ಕಸಬು ಎಲ್ಲಾ ಆ ಹಾಳ್ಯಾಗ ಐತಿ. ಮೊದಲ ಪಿನ್ನು ಕಿತ್ತು ಹಾಳಿ ಬಿಡಿಬಿಡಿ ಮಾಡ್ಕೋಬೇಕು. ಒಂದು ಪುಟ ಮುಗೀತಂದ್ರ ಅದನ್ನ ಹೊಳ್ಳಿಸಬಾರದು, ಸರಕ್ ಅಂತ ಮೈಕಿನಾಗ ಬರ್ತದ. ನಿಧಾನ ಬದೀಗೆ ತಂದು ಕೈ ಬಿಟ್ರ ಗಾಳ್ಯಾಗ ತೇಲಿ ನೆಲಕ್ಕ ಹೋಗಿ ಕೂಡ್ತದ. ದೂರ ಹೋದಂಗ ಕೇಳಬೇಕು ಅಂದ್ರ ದನಿ ಸಣ್ಣ ಮಾಡಬಾರದು, ಮಾರಿ ಹೊಳ್ಳಿಸಬೇಕು. ಈ ಕಾನ್ರಾಡ್ ಅನ್ನಾಂವ ಇದನ್ನ ಹೆಂಗ ಮಾಡ್ತಾನ ಕೇಳ್ರಿ. ಬಾಗಿಲದ ಹತ್ರ ಹೋಗಿ ಹೊಳ್ಳಿ ನಿಂತು ಒಂದ ಮಾತು ಅಂತಾನ ನೋಡ್ರಿ, ಅಂವ ಹೊಳ್ಳಿ ನಿಂತದ್ದು ಕಾಣ್ತದ.

ಮುರುಕು_ಮರ್ಫಿ
ಧಾರವಾಡದಾಂವ ಸರ್, ಇದಕ್ಕೇ ನಾನು ಇಲ್ಲಿ ಬರೋದು. ಹಾಳೆ ತೇಲಿಸೋದು ಗೊತ್ತೇ ಇರಲಿಲ್ಲ.

ಸ್ಯಾನ್‌ಹೋಸೆ_ಸಾಂಬಾರ್
ಡಿಲನ್ ಪಾತ್ರ ಇವರಿಗೆ ಮೊದಲಿಂದ ಮೀಸಲಾಗಿತ್ತು ಅಂದ್ಕೋಬೇಡಿ. ಸಿಬಿಎಸ್ ಯಜಮಾನ ವಿಲಿಯಂ ಪೇಲಿಗೆ ಪತ್ತೇದಾರ ಫಿಲಿಪ್ ಮಾರ್ಲೋ ಅಂದ್ರೆ ಇಷ್ಟ, ಅಂಥದೇ ಗಡಸು ಆಳು ಹಳೇ ಪಶ್ಚಿಮದಲ್ಲಿದ್ದರೆ ಹೇಗಿರುತ್ತೆ ಅಂತ ಕೇಳಿದ್ದರಂತೆ. 1949ರಲ್ಲೇ ಎರಡು ಆಡಿಷನ್ ರೆಕಾರ್ಡಿಂಗ್ ಆಯ್ತು. ಎರಡನೆಯದರ ನಟ ಹೊವರ್ಡ್ ಕಲ್ವರ್ ಎಲ್ಲರಿಗೂ ಒಪ್ಪಿಗೆಯಾದರು. ಆದರೆ ಆತ ಆಗಲೇ ಇನ್ನೊಂದು ಕೌಬಾಯ್ ಸರಣಿಯ ಕರಾರಿನಲ್ಲಿದ್ದರು, ಇನ್ನೊಂದು ಮಾಡೋ ಹಾಗಿರಲಿಲ್ಲ. ಕಡತ ಮೂಲೆ ಸೇರಿತು. ಮೂರು ವರ್ಷ ಆದಮೇಲೆ ನಿರ್ಮಾಪಕ ನಾರ್ಮನ್ ಮ್ಯಾಕ್‌ಡೊನೆಲ್, ಬರಹಗಾರ ಜಾನ್ ಮೆಸ್ಟನ್ ಅದಕ್ಕೆ ಕೈ ಹಾಕಿದ್ದು.

ಮ್ಯಾಕ್‌ಡೊನೆಲ್‌ಗೆ ಕಾನ್ರಾಡ್ ಬೇಕಿರಲಿಲ್ಲ. ಕಾರಣ ಹೊಟ್ಟೆ ಅಲ್ಲ, ಆ ದನಿ ರೇಡಿಯೋದಲ್ಲಿ ಎಲ್ಲಿ ತಿರುಗಿಸಿದರೂ ಕೇಳ್ತಿತ್ತು, ಜನಕ್ಕೆ ಸಾಕಾಗಿದೆ ಅನ್ನೋದು. ಆಡಿಷನ್‌ನಲ್ಲಿ ನಾಲ್ಕು ಸಾಲು ಓದಿದ್ದೇ ವಿಷಯ ಮುಗಿದುಹೋಯ್ತು.

ಒಂದು ತಮಾಷೆ: ಆ ಕಲ್ವರ್ ಮುಂದೆ ಟಿವಿ 'ಗನ್‌ಸ್ಮೋಕ್'ನಲ್ಲಿ ಹೋಟೆಲ್ ಗುಮಾಸ್ತನ ಪಾತ್ರದಲ್ಲಿ ವರ್ಷಗಟ್ಟಲೆ ಕಾಣಿಸಿಕೊಂಡರು. ಮಾರ್ಷಲ್ ಆಗಬೇಕಿದ್ದವನು ಮಾರ್ಷಲ್‌ಗೆ ರೂಮಿನ ಕೀಲಿಕೈ ಕೊಡೋದು.

ಪರದೆಪಕ್ಷ
ನೋಡಿ, ಕಲ್ವರ್‌ಗೆ ಆದ ಅನ್ಯಾಯದಿಂದಲೇ ಕಾನ್ರಾಡ್‌ಗೆ ಪಾತ್ರ ಸಿಕ್ಕಿದ್ದು. ಅದಕ್ಕೆ ಯಾರೂ ಅಳಲ್ಲ. ಕರಾರು ಅಡ್ಡ ಬಂದಿದ್ದರೆ ವಿಧಿ, ಹೊಟ್ಟೆ ಅಡ್ಡ ಬಂದರೆ ಅನ್ಯಾಯ. ಇದ್ಯಾವ ನ್ಯಾಯ?

ಮುರುಕು_ಮರ್ಫಿ
ಒಳ್ಳೇ ಪ್ರಶ್ನೆ. ಆದರೆ ನನ್ನ ಹೊಟ್ಟೆ ಉರಿಯೋದು ಇನ್ನೊಂದಕ್ಕೆ. 1955ರ ಸೆಪ್ಟೆಂಬರ್ 10ಕ್ಕೆ ಟಿವಿ ಶುರುವಾದ ಮೇಲೆ ರೇಡಿಯೋ ನಿಲ್ಲಲಿಲ್ಲ. ಸುಮಾರು ಆರು ವರ್ಷ ಎರಡೂ ಜೊತೆಜೊತೆಗೆ ನಡೆದವು. ಅದೇ ಡಾಡ್ಜ್ ಸಿಟಿ, ಅದೇ ಡಿಲನ್. ಮೆಸ್ಟನ್ ರೇಡಿಯೋಗೆ ಬರೆದ ಕಥೆಗಳನ್ನೇ ಟಿವಿಗೂ ತಂದರು. ಮ್ಯಾಕ್‌ಡೊನೆಲ್ ಕೂಡ ಟಿವಿಗೆ ಹೋದರು. ಬರೆದವನು ಹೋದ, ಮಾಡಿಸಿದವನು ಹೋದ, ಕಥೆ ಹೋಯ್ತು. ಆಡಿದ ನಾಲ್ಕು ಜನ ಮಾತ್ರ ಹಳೇ ಮನೆಯಲ್ಲೇ ಉಳಿದರು. ಡಿಲನ್ ಒಬ್ಬನೇ ಅಲ್ಲ, ಡಾಕ್ಟರ್, ಚೆಸ್ಟರ್, ಕಿಟ್ಟಿ ಪಾತ್ರ ಆಡಿದ ಯಾರಿಗೂ ಟಿವಿಯಲ್ಲಿ ಪಾತ್ರ ಕೊಡಲಿಲ್ಲ. ಆಡಿಷನ್ ಮಾಡಿಸಿದರು, ಅಷ್ಟೇ.

ವಾರಕ್ಕೊಮ್ಮೆ ಮೈಕಿನ ಮುಂದೆ ನಿಂತು "ನಾನೇ ಡಿಲನ್" ಅನ್ನಬೇಕು, ಅದೇ ವಾರ ಇಡೀ ದೇಶ ಇನ್ನೊಬ್ಬನನ್ನು ಡಿಲನ್ ಅಂತ ನೋಡ್ತಿರುತ್ತೆ. ಆರು ವರ್ಷ. ನಾನಾಗಿದ್ದರೆ ಎರಡನೇ ವಾರಕ್ಕೇ ಗಂಟಲು ಕಟ್ಟಿದೆ ಅಂತ ಚೀಟಿ ಕಳಿಸ್ತಿದ್ದೆ.

ಮೊಸರವಲಕ್ಕಿ
ಆ ಕುರ್ಚಿ ಕಥೆ ಯಾರೂ ಹೇಳಲಿಲ್ವಾ? ಟಿವಿ ಆಡಿಷನ್‌ಗೆ ಕಾನ್ರಾಡ್ ಬಂದು ಕೂತು, ಗತ್ತಿನಿಂದ ಎದ್ದು ನಿಂತರಂತೆ, ಕುರ್ಚಿಯೂ ಜೊತೆಗೆ ಎದ್ದು ಬಂತಂತೆ. 😄

ಸ್ಯಾನ್‌ಹೋಸೆ_ಸಾಂಬಾರ್
ಅದು ಹೇಳಿಕೊಂಡು ಬಂದ ಕಥೆ. ನಾನಂತೂ ನಂಬಲ್ಲ. ದಪ್ಪಗಿರೋರ ಬಗ್ಗೆ ಇಂಥ ಒಂದು ಕಥೆ ಪ್ರತಿ ಆಫೀಸಲ್ಲೂ ಇರುತ್ತೆ.

ಆದರೆ ಖಚಿತವಾಗಿ ಗೊತ್ತಿರೋದು ಒಂದಿದೆ, ನನಗೆ ಅದು ಕುರ್ಚಿಗಿಂತ ಚುಚ್ಚುತ್ತೆ. ಸಿಬಿಎಸ್‌ನಲ್ಲಿ 'ಎಸ್ಕೇಪ್' ಅಂತ ರೇಡಿಯೋ ಸರಣಿ ಇತ್ತು. 1948ರಲ್ಲಿ ಅದರಲ್ಲಿ ಒಂದು ಕಥೆ: ದಕ್ಷಿಣ ಅಮೆರಿಕದ ತೋಟದ ಮಾಲೀಕ ಲೈನಿಂಗೆನ್, ಮೈಲಿಗಟ್ಟಲೆ ಹರಡಿ ಬರುವ ಇರುವೆ ಸೈನ್ಯದ ಎದುರು ನಿಲ್ಲೋದು. ಲೈನಿಂಗೆನ್ ಆಗಿದ್ದು ಕಾನ್ರಾಡ್. ಕೇಳಿದ ಮೇಲೆ ನಾನು ಕಾಲು ಮೇಲಿಟ್ಟುಕೊಂಡು ಕೂತಿದ್ದೆ, ನಿಜವಾಗ್ಲೂ. ಅದೇ ಕಥೆ 1954ರಲ್ಲಿ 'ದ ನೇಕೆಡ್ ಜಂಗಲ್' ಅಂತ ಸಿನಿಮಾ ಆಯ್ತು. ಲೈನಿಂಗೆನ್ ಯಾರು? ಎತ್ತರದ ಚಾರ್ಲ್‌ಟನ್ ಹೆಸ್ಟನ್. ಕಾನ್ರಾಡ್ ಆ ಸಿನಿಮಾದಲ್ಲಿ ಇಲ್ವಾ? ಇದ್ದಾರೆ. ಕಮಿಷನರ್ ಅಂತ ಒಂದು ಪಕ್ಕದ ಪಾತ್ರ. ಇದು 'ಗನ್‌ಸ್ಮೋಕ್' ಟಿವಿಗೆ ಬರೋ ಹಿಂದಿನ ವರ್ಷ.

ತಾಳಮದ್ದಳೆ
ಅಯ್ಯೋ. ತಾನು ಕಟ್ಟಿದ ಮನೆಗೆ ತಾನೇ ಅತಿಥಿಯಾಗಿ ಹೋಗೋದು.

ಲೆಕ್ಕದಪುಸ್ತಕ
ಸರಿ, ಕಣ್ಣೀರು ಒರೆಸಿಕೊಳ್ಳಿ, ಜಮಾ ಕಡೆಯನ್ನೂ ನೋಡೋಣ. ನಾನು ನಿನ್ನೆ ಕೂತು ಹುಡುಕಿದೆ.

1959ರ ನವೆಂಬರ್‌ನಲ್ಲಿ ಶುರುವಾದ 'ರಾಕಿ ಆಂಡ್ ಬುಲ್‌ವಿಂಕಲ್' ಕಾರ್ಟೂನಿನ ನಿರೂಪಕ ಇದೇ ಆಸಾಮಿ. ಹಾರುವ ಅಳಿಲು, ಪೆದ್ದ ಮೂಸ್ (ದೊಡ್ಡ ಕೊಂಬಿನ ಜಿಂಕೆ), ಉಸಿರು ಬಿಡದೆ ಓಡೋ ನಿರೂಪಣೆ. ಆಗಿನ್ನೂ ರೇಡಿಯೋ ಡಿಲನ್ ಮುಗಿದಿರಲಿಲ್ಲ. ಅಂದರೆ ಒಂದೇ ಗಂಟಲು, ಒಂದು ಕಡೆ ಬೇಸತ್ತ ಮಾರ್ಷಲ್, ಇನ್ನೊಂದು ಕಡೆ ಬಸ್‌ಸ್ಟ್ಯಾಂಡಲ್ಲಿ "ತುಮಕೂರು ತುಮಕೂರು ತುಮಕೂರು" ಅಂತ ಕೂಗೋ ಕಂಡಕ್ಟರ್. ಎರಡನ್ನೂ ಒಂದಾದ ಮೇಲೊಂದು ಕೇಳಿದೆ. ಒಬ್ಬನೇ ಅಂತ ನಂಬೋಕಾಗಲ್ಲ. 7,500ರ ಬಗ್ಗೆ ನನ್ನ ಕೊಂಕು ವಾಪಸ್ ತಗೊಂಡಿದ್ದೀನಿ.

ಆಮೇಲೆ 1963ರಿಂದ 67, 'ದ ಫ್ಯುಜಿಟಿವ್' ಟಿವಿ ಸರಣಿಯ ನಿರೂಪಣೆ. 1967ರ ಆಗಸ್ಟ್ 29ರ ಕೊನೇ ಕಂತನ್ನು 7.8 ಕೋಟಿ ಅಮೆರಿಕನ್ನರು ನೋಡಿದರು ಅಂತ ಅಂದಾಜು. ಆ ಕಂತಿನ ಕಟ್ಟಕಡೆಯ ಮಾತು ಯಾರ ದನಿಯಲ್ಲಿ? ಇವರದೇ. ಮುಖ ಕಾಣಲ್ಲ, ಅಷ್ಟೇ. ಅದರ ಮಧ್ಯೆ ವಾರ್ನರ್ ಬ್ರದರ್ಸ್‌ಗೆ 1965 ಒಂದೇ ವರ್ಷ ಮೂರು ಸಿನಿಮಾ ನಿರ್ದೇಶನ. ಸುಮ್ಮನೆ ಮೂಲೆಯಲ್ಲಿ ಕೂತ ಮನುಷ್ಯ ಅಲ್ಲ ಇದು.

ಪರದೆಪಕ್ಷ
ಮತ್ತೆ 'ಕ್ಯಾನನ್' ಮರೆತಿರಾ! 1971ರಿಂದ 76, ಐದು ಸೀಸನ್, ಸಿಬಿಎಸ್‌ನಲ್ಲೇ. ಫ್ರಾಂಕ್ ಕ್ಯಾನನ್ ಅನ್ನೋ ಖಾಸಗಿ ಪತ್ತೇದಾರ. ಬೋಳುತಲೆ, ದೊಡ್ಡ ದೇಹ, ಒಳ್ಳೇ ಊಟದ ಮೋಹ, ಉದ್ದನೆಯ ಲಿಂಕನ್ ಕಾರು, ಕಾರೊಳಗೇ ಫೋನು. ಓಡಬೇಕಾದಾಗ ಏದುಸಿರು ಬಿಡ್ತಾನೆ, ಒದೆ ತಿಂತಾನೆ, ಹೊಟ್ಟೆಯಿಂದಲೇ ಒಬ್ಬನನ್ನು ಗೋಡೆಗೆ ಒತ್ತಿಹಿಡೀತಾನೆ. 50 ದಾಟಿದ ಮೇಲೆ ಹೀರೋ. 1955ರಲ್ಲಿ ಯಾವ ದೇಹ ಬೇಡವಾಗಿತ್ತೋ ಆ ದೇಹವನ್ನೇ ಮುಂದಿಟ್ಟು ಅದೇ ಸಿಬಿಎಸ್ ಸರಣಿ ಪ್ರಸಾರ ಮಾಡಿತು. 1981ರಲ್ಲಿ ಎನ್‌ಬಿಸಿಯಲ್ಲಿ ನೀರೋ ವುಲ್ಫ್, ಅವನೂ ಕುರ್ಚಿ ಬಿಟ್ಟೇಳದ ದಪ್ಪ ಪತ್ತೇದಾರ. 1987ರಿಂದ 92, 'ಜೇಕ್ ಆಂಡ್ ದ ಫ್ಯಾಟ್‌ಮ್ಯಾನ್'. ಹೆಸರಲ್ಲೇ ಇದೆ. ಪಕ್ಕದಲ್ಲೊಂದು ಬುಲ್‌ಡಾಗ್, ಯಜಮಾನನ ಮುಖವೂ ಅದರ ಮುಖವೂ ಒಂದೇ.

ಹಾಗಾಗಿ ಟಿವಿ ಅವರನ್ನು ಒದ್ದು ಓಡಿಸಿತು ಅನ್ನೋದು ಅರ್ಧ ಕಥೆ.

ಮುರುಕು_ಮರ್ಫಿ
ಅದೇ ನನ್ನ ತಕರಾರು ಸಾರ್! ಟಿವಿ ಅವರಿಗೆ ಕೊಟ್ಟದ್ದೆಲ್ಲ ದಪ್ಪಗಿರೋದಕ್ಕೆ ಸಂಬಳ. ಕ್ಯಾನನ್ ನೋಡಿದೆ ನಾನೂ, ಇಷ್ಟವೂ ಆಯ್ತು. ಆದರೆ ಪ್ರತಿ ಕಂತಿನಲ್ಲೂ ಯಾರೋ ಒಬ್ಬರು ತೂಕದ ಬಗ್ಗೆ ಒಂದು ಮಾತು ಎಸೆಯಲೇಬೇಕು. ರೇಡಿಯೋದಲ್ಲಿ ಅವರು ಯಾರು ಬೇಕಾದರೂ ಆಗಬಹುದಿತ್ತು. ತೆಳ್ಳಗಿನ ಕಳ್ಳ, ಸಾಯ್ತಿರೋ ಮುದುಕ, ಲೈನಿಂಗೆನ್, ಡಿಲನ್. ಟಿವಿಗೆ ಬಂದ ಮೇಲೆ ಒಂದೇ ಪಾತ್ರ, ಹೆಸರು ಮಾತ್ರ ಬೇರೆ ಬೇರೆ.

ಧಾರವಾಡದಾಂವ
ಇದು ಖರೇ ಮಾತು. ನಮ್ಮ ಜೋಡಿ ಒಬ್ಬ ಬಾಯಾರು ಇದ್ರು, ಹೆಸರು ಬ್ಯಾಡ. ರೇಡಿಯೋದಾಗ ಹದಿನೆಂಟು ವರ್ಷದ ಹುಡುಗಿ ಪಾರ್ಟ್ ಅವ್ರದ. ವಯಸ್ಸು ಐವತ್ತರ ಮ್ಯಾಲ. ನಕ್ಕರಂದ್ರ ಹೊಸಾ ಬಳಿ ಹಾಕ್ಕೊಂಡಂಗ ಸಪ್ಪಳ. ಮುಂದ ಒಂದು ಧಾರಾವಾಹಿಯವ್ರು ಕರದ್ರು, ಭಾಳ ಖುಷಿಲೆ ಹೋದ್ರು. ಕೊಟ್ಟ ಪಾರ್ಟ್ ಏನಂದ್ರ ಹಿಂದ ಕುಂತು ಕವಳಾ ಕುಟ್ಟೂ ಮುದುಕಿ. ಮೂರು ತಿಂಗಳ ಕುಟ್ಟಿದ್ರು. ಒಂದ ಮಾತೂ ಇಲ್ಲ. ಹೊಳ್ಳಿ ಬಂದು ಮೈಕಿನ ಮುಂದ ನಿಂತು, "ಬರ್ರಿ, ನಂದಿಷ್ಟು ವಯಸ್ಸು ನನಗ ಹೊಳ್ಳಿ ಕೊಡ್ರಿ" ಅಂದ್ರು.

ತಾಳಮದ್ದಳೆ
🙏

ಮೊಸರವಲಕ್ಕಿ
ಅವರಿಗೆ ಕಹಿ ಇರಲಿಲ್ವಾ? ನನಗೆ ಅದೇ ಕುತೂಹಲ. ಟಿವಿ 'ಗನ್‌ಸ್ಮೋಕ್'ನ ಕಂತನ್ನು ಸ್ವತಃ ಕಾನ್ರಾಡ್ ನಿರ್ದೇಶನ ಮಾಡಿದ್ದಾರೆ ಅಂತ ಓದಿದೆ.

ಸ್ಯಾನ್‌ಹೋಸೆ_ಸಾಂಬಾರ್
ಹೌದು, ಮಾಡಿದ್ದಾರೆ. 1971ರ 'ಕ್ಯಾಪ್ಟನ್ ಸ್ಲೈಗೊ' ಅವರದು. ಯೋಚಿಸಿ: ಕ್ಯಾಮೆರಾ ಹಿಂದೆ ನಿಂತು ಆರ್ನೆಸ್‌ಗೆ, ಈ ಸಾಲು ಹೀಗೆ ಹೇಳು ಅಂತ ಹೇಳಬೇಕು. ಹೇಳಿದರೋ ಸುಮ್ಮನಿದ್ದರೋ! ಅದೇ ವರ್ಷವೇ 'ಕ್ಯಾನನ್' ಶುರುವಾಗಿದ್ದು.

ತುಂಟತನ ಇದ್ದ ಮನುಷ್ಯ ಅಂತೂ ಹೌದು. ರೇಡಿಯೋ ಸರಣಿಯ ಡಾಕ್ಟರ್‌ಗೆ ಚಾರ್ಲ್ಸ್ ಆಡಮ್ಸ್ ಅಂತ ಹೆಸರಿಟ್ಟದ್ದು ಇವರೇ ಅಂತಾರೆ, ಹೆಣ-ದೆವ್ವದ ವ್ಯಂಗ್ಯಚಿತ್ರ ಬರೆಯುತ್ತಿದ್ದ ಚಾರ್ಲ್ಸ್ ಆಡಮ್ಸ್ ನೆನಪಿಗೆ. ಆ ಡಾಕ್ಟರ್‌ಗೆ ಹೆಣ ಕಂಡರೆ ಫೀಸು ನೆನಪಾಗೋದು. 1980ರಲ್ಲಿ 'ಲೋನ್ ರೇಂಜರ್' ಕಾರ್ಟೂನಿಗೆ ದನಿ ಕೊಟ್ಟಾಗ ಹೆಸರು ಹಾಕಿಸಿದ್ದು 'ಜೆ. ಡಾರ್ನೊಕ್'. ಇಂಗ್ಲಿಷಲ್ಲಿ ಕಾನ್ರಾಡ್ ಅಂತ ಬರೆದು ಹಿಂದುಮುಂದಾಗಿ ಓದಿ.

ಇನ್ನೊಂದು: 'ಮಾಲ್ಟೀಸ್ ಫಾಲ್ಕನ್' ಸಿನಿಮಾದ ಆ ಸೀಸದ ಗಿಡುಗ ಇದೆಯಲ್ಲ, ಅದನ್ನು ವಾರ್ನರ್ ಬ್ರದರ್ಸ್ ಯಜಮಾನ ಜಾಕ್ ವಾರ್ನರ್ ಇವರಿಗೆ ಉಡುಗೊರೆ ಕೊಟ್ಟಿದ್ದರು. ಮನೆಯ ಪುಸ್ತಕದ ಶೆಲ್ಫಿನ ಮೇಲೆ ಧೂಳು ಹಿಡಿದು ಕೂತಿತ್ತು. 1994ರ ಫೆಬ್ರವರಿ 11ಕ್ಕೆ ಲಾಸ್ ಏಂಜಲೀಸಿನಲ್ಲಿ ಹೃದಯ ನಿಂತು ಇವರು ತೀರಿಕೊಂಡರು. ಅದೇ ಡಿಸೆಂಬರ್‌ನಲ್ಲಿ ಗಿಡುಗ ಕ್ರಿಸ್ಟೀಸ್ ಹರಾಜಿನಲ್ಲಿ 3,98,500 ಡಾಲರ್‌ಗೆ ಹೋಯ್ತು.

ಲೆಕ್ಕದಪುಸ್ತಕ
ಶೆಲ್ಫಿನ ಮೇಲೆ ನಾಲ್ಕು ಲಕ್ಷ ಡಾಲರ್. ನಮ್ಮನೆ ಶೆಲ್ಫಿನ ಮೇಲೆ ಕೀಲು ಮುರಿದ ಚನ್ನಪಟ್ಟಣದ ಗೊಂಬೆ ಇದೆ, ನೋಡ್ತೀನಿ.

ಪರದೆಪಕ್ಷ
ಒಂದು ಒಪ್ಪಂದಕ್ಕೆ ಬರೋಣ. ಈ ದನಿಯಲ್ಲಿ ನಿಮಗೆ ಎತ್ತರ ಕಾಣೋದು ನೀವು ಆರ್ನೆಸ್‌ನ ಫೋಟೋ ಮೊದಲೇ ಎಲ್ಲೋ ನೋಡಿರೋದರಿಂದ, ಅಷ್ಟೇ ಅಂತ ನನ್ನ ಅನುಮಾನ. ಇಬ್ಬರನ್ನೂ ನೋಡದವರಿಗೆ ಐದು ನಿಮಿಷ ಕೇಳಿಸಿ, ಆಳು ಹೇಗಿದ್ದಾನೆ ಹೇಳಿ ಅಂತ ಕೇಳಿ. ಎತ್ತರ ಅಂದರೆ ನಾನು ಸೋತೆ.

ಮುರುಕು_ಮರ್ಫಿ
ಆಗಲಿ. ಅಪ್ಪನಿಗೆ ಕೇಳಿಸ್ತೀನಿ. 81 ವರ್ಷ. ಹವ್ಯಾಸಿ ತಂಡದಲ್ಲಿ ನಾಟಕ ಆಡಿದವರು, ಇಂಗ್ಲಿಷ್ ಅಷ್ಟಕ್ಕಷ್ಟೆ. ಅಮೆರಿಕದ ಯಾವ ಸೀರಿಯಲ್ಲೂ ನೋಡಿಲ್ಲ.

ತಾಳಮದ್ದಳೆ
ಕಾಯ್ತಾ ಇದ್ದೇವೆ.

ಮುರುಕು_ಮರ್ಫಿ
ಕೇಳಿಸಿದೆ. ಇಯರ್‌ಫೋನ್ ಅವರಿಗಾಗಲ್ಲ, ಫೋನನ್ನು ಸ್ಟೀಲ್ ಲೋಟದೊಳಗೆ ನಿಲ್ಲಿಸಿ ಮಂಚದ ಪಕ್ಕ ಇಟ್ಟೆ. ಜಗಲಿ ಮೇಲೆ ಹೆಜ್ಜೆ, ಬಾಗಿಲು, ಡಿಲನ್ ಒಬ್ಬ ಹುಡುಗನಿಗೆ ಪಿಸ್ತೂಲು ಕೆಳಗಿಡು ಅನ್ನೋ ದೃಶ್ಯ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆ ಹೋದರೇನೋ ಅಂದುಕೊಂಡೆ.

ಆಳು ಹೇಗಿದ್ದಾನೆ ಅಪ್ಪ, ಎತ್ತರವಾ, ಗಿಡ್ಡವಾ ಅಂತ ಕೇಳಿದೆ.

"ಎತ್ತರ-ಗಿಡ್ಡ ನಂಗೇನೋ ಗೊತ್ತು? ನಿಂತಿದಾನೆ. ಆ ಹುಡುಗ ಕೂತಿದಾನೆ. ಇವನಿಗೆ ಹೊಡೆಯೋಕೆ ಮನಸ್ಸಿಲ್ಲ."

ಪರದೆಪಕ್ಷ ಸಾರ್, ಇದನ್ನು ಗೆಲುವು ಅಂತ ಹಿಡೀಬೇಕೋ ಸೋಲು ಅಂತಲೋ ನೀವೇ ಹೇಳಿ. ನಾನು ಕೇಳೋಷ್ಟರಲ್ಲಿ ಅಪ್ಪ, "ನಿಲ್ಲಿಸಬೇಡ್ವೋ, ಆ ಹುಡುಗ ಪಿಸ್ತೂಲು ಇಟ್ಟನೋ ಇಲ್ವೋ" ಅಂದರು. ಇನ್ನೂ ಹದಿನೇಳು ನಿಮಿಷ ಇತ್ತು. ಅಲ್ಲೇ ಮಂಚದ ಅಂಚಿಗೆ ಕೂತೆ.